ಎಪ್ಪತ್ಮೂರು

ತಾಮ್ರ ನನಗೆ ಗೊತ್ತು.
ಸೀಗೆಹಟ್ಟಿಯ ಗಲ್ಲಿಯಲ್ಲಿ ಇಪ್ಪತ್ತೇಳು ವರ್ಷ
ಸುಟ್ಟ ಪಂಪ್‌ಸೆಟ್ಟುಗಳ ಹೊಟ್ಟೆ ಬಗೆದು
ಕರಕಲು ಸುರುಳಿ ಕಿತ್ತು ಹೊಸತು ಸುತ್ತಿದವನು.
ಮೂಗಿಗೆ ಹಿಡಿದರೆ ಹೇಳಿಬಿಡುತ್ತೇನೆ
ಒಂಟಿ ಫೇಸಿನಲ್ಲಿ ಸತ್ತದ್ದೋ, ಕೆಸರು ಕುಡಿದು ಸತ್ತದ್ದೋ.

ಮಗಳು ಒಂದು ದಿನ ಬಂದು
'ಅಪ್ಪ, ಇಪ್ಪತ್ತು ಮೀಟರ್ ತಂತಿ ಬೇಕು,
ಮೋಟಾರಿಗಲ್ಲ, ಆಕಾಶಕ್ಕೆ' ಅಂದಾಗ
ತಕ್ಕಡಿಗೆ ಹಾಕಿಯೇ ಕೊಟ್ಟೆ.
ಲೆಕ್ಕದ ಪುಸ್ತಕದಲ್ಲಿ ಬರೆದೂ ಇಟ್ಟೆ:
ಇಂಚರ, ತಾಮ್ರ, ಬಾಕಿ.

ಹತ್ತು ಮೀಟರ್ ನಮ್ಮ ತಾರಸಿಯಿಂದ ನೀರಿನ ಟ್ಯಾಂಕಿಗೆ,
ಹತ್ತು ಮೀಟರ್ ಕರೀಂ ಸಾಬರ ಪಾರಿವಾಳದ ಗೂಡಿನ ಕಂಬಕ್ಕೆ.
'ಹಕ್ಕಿ ಸುಟ್ಟುಹೋಗಲ್ವೇನಮ್ಮ?' ಅವರದೊಂದೇ ಪ್ರಶ್ನೆ.

ಹೆಸರಿಟ್ಟದ್ದು ಅವಳಮ್ಮ, ಹಕ್ಕಿಕೊರಳು ಬರಲೆಂದು.
ಬಂದದ್ದು ಜೀರುಂಡೆ:
ಡಾ-ಡಿ-ಡಾ-ಡಿಟ್, ಡಾ-ಡಾ-ಡಿ-ಡಾ,
ಯಾರಾದರೂ ಇದ್ದೀರಾ, ಯಾರಾದರೂ ಇದ್ದೀರಾ,
ರಾತ್ರಿ ಎರಡಕ್ಕೆ, ಪಿಯುಸಿ ಗಣಿತದ ಹಿಂದಿನ ದಿನವೂ.
ಇದ್ದರು.
ಓಮ್ಸ್ಕಿನಲ್ಲಿ ಹಲ್ಲುನೋವಿನ ಮುದುಕನೊಬ್ಬ,
ಹೊಕ್ಕೈಡೊದಲ್ಲಿ ಹಸು ಕಟ್ಟಿದ ಹೆಂಗಸು,
ಊರೇ ಹೇಳದ ಒಂದು ಹಡಗು.
ಹದಿನಾರಕ್ಕೆ ಪರವಾನಗಿ. ಹದಿನೆಂಟಕ್ಕೆ
ಯಾವುದೋ ಪಂದ್ಯದಲ್ಲಿ ರಾಜ್ಯಕ್ಕೆ ಎರಡನೆಯವಳು,
ಒಂದು ಹಗಲು ಒಂದು ರಾತ್ರಿಯಲ್ಲಿ
ನಾಲ್ಕುನೂರ ಹನ್ನೊಂದು ಕೂಗಿಗೆ ಓಗೊಟ್ಟು.
ಅಷ್ಟು ಜನರ ಹತ್ತಿರ ಏನು ಮಾತಾಡಿದೆ?
'ನಿಮ್ಮ ದನಿ ಕೇಳಿಸ್ತಿದೆ ಅಂತ.'
ಅಷ್ಟೇ?
'ಅಷ್ಟೇ.'

ಮಾರ್ಚ್. ಉಣುಗಿನ ಕಾಲ. ಶರಾವತಿ ಹಿನ್ನೀರಿನಾಚೆ
ದರಕಿನ ಮೇಲೆ ಮಂಗ ಸತ್ತು ಬಿದ್ದ ಸುದ್ದಿ.
ಗುಡ್ಡ ಹತ್ತಿದರೂ ಫೋನಿಗೆ ಒಂದು ಕಡ್ಡಿ ಬಾರದ ಊರು;
ಸೇತುವೆ ಆಗುವ ಮೊದಲಿನ ಮಾತು.
ಆಶಾ ಲೋಕಮ್ಮನ ಜೊತೆ ಇವಳೂ ಹೊರಟಳು
ಕೈಕಾಲಿಗೆ ಎಣ್ಣೆ ಬಳಿದು, ಬೈಕಿನ ಬ್ಯಾಟರಿ ಬೆನ್ನಿಗೇರಿಸಿ,
ನನ್ನ ತಂತಿ ಹೆಗಲಿಗೆ ಸುತ್ತಿಕೊಂಡು.

ಅಂಗಡಿಯಲ್ಲಿ ಬಿಸ್ಕತ್ತಿನ ಡಬ್ಬಿಯೊಳಗೆ
ಅವಳೇ ಕಟ್ಟಿಕೊಟ್ಟ ರಿಸೀವರ್.
ಸಂಜೆ ನಾಲ್ಕೂಮುಕ್ಕಾಲು, ವಾರ್ನಿಶ್ ಹಚ್ಚುತ್ತಿದ್ದೆ.
ಗರಗರದೊಳಗಿಂದ ಅವಳು:
'ಹೆಂಗಸು, ಮೂವತ್ತೆಂಟು. ಜ್ವರ ಐದನೇ ದಿನ. ಮೂಗಲ್ಲಿ ರಕ್ತ.
ಕೊನೇ ಲಾಂಚ್ ನಿಲ್ಲಿಸಬೇಕು.
ಯಾರಾದರೂ ಇದ್ದೀರಾ?'

ಇದ್ದೇನೆ ಮಗಳೇ.
ಡಬ್ಬಿಗೆ ಕಿವಿಯಷ್ಟೇ ಇತ್ತು, ಬಾಯಿರಲಿಲ್ಲ.
ಇದ್ದೇನೆ ಅಂದೆ ಕೈಯ ಬ್ರಶ್ಶಿಗೆ,
ಎದುರು ಬಾಯಿ ತೆರೆದು ಕೂತ ಐದು ಎಚ್‌ಪಿ ಮೋಟಾರಿಗೆ.
ಫೋನು ತೆಗೆದೆ. ಅದರ ತುಂಬ ಗಿರಾಕಿಗಳು:
ಹೊಳಲೂರು ಪಂಪು, ಗಾಜನೂರು ಪಂಪು, ಹಿಟ್ಟಿನ ಗಿರಣಿ.
ಮತ್ತೆ ಕರೆದಳು. ಮತ್ತೆ.
ಮೂರನೆಯದಕ್ಕೆ ಸಾಗರದಿಂದ ಕೆಮ್ಮು,
ನಿವೃತ್ತ ಡ್ರಾಯಿಂಗ್ ಮಾಸ್ತರು ಫೆಲಿಕ್ಸ್ ಲೋಬೊ:
'ಕೇಳಿಸ್ತು ಕಣಮ್ಮ. ಕಡವಿಗೆ ಫೋನ್ ಹಚ್ತೀನಿ. ಅಲ್ಲೇ ಇರು.'

ಲಾಂಚು ಇಪ್ಪತ್ತು ನಿಮಿಷ ಕಾಯಿತು.
ಸಾಗರದ ಬಸ್ಸು ತಪ್ಪಿದವರು ಬೈದರಂತೆ.
ಆಕೆ ಉಳಿದಳು.
ಅದೇ ವಾರ, ಅದೇ ಕೇರಿಯ ಹುಡುಗನೊಬ್ಬ ಉಳಿಯಲಿಲ್ಲ.
ಅವನ ವಿಷಯ ಇಂಚರ ಇನ್ನೂ ಮಾತಾಡುವುದಿಲ್ಲ.

ಜಿಲ್ಲೆಯವರು ಶಾಲು ಹೊದಿಸಿದರು.
ಪ್ರಮಾಣಪತ್ರದಲ್ಲಿ 'ಕು. ಇಂದಿರಾ' ಅಂತಿದೆ.
ಶಾಲು ಈಗ ಸೆಟ್ಟಿನ ಮೇಲೆ, ಧೂಳು ಕೂರದಂತೆ.

ನನಗೆ ಐವತ್ತಮೂರು. ಅಂಗಡಿ ಮುಚ್ಚಿದ ಮೇಲೆ
ಸ್ಕ್ರೂಡ್ರೈವರಿನ ಹಿಡಿಯಲ್ಲಿ ಮೇಜು ಕುಟ್ಟಿ ಕಲಿಯುತ್ತಿದ್ದೇನೆ.
ಪರೀಕ್ಷೆಯಲ್ಲಿ ಒಮ್ಮೆ ಡುಮ್ಕಿ.
ಕೈ ಭಾರ, ಡಿಟ್ಟೆಲ್ಲ ಡಾ ಆಗಿಬಿಡುತ್ತದೆ.
ಸಲೀಸಾಗಿ ಬರುವುದೊಂದೇ, ಎಪ್ಪತ್ಮೂರು,
ಹೊರಡುವಾಗ ಅವರವರಲ್ಲಿ ಹೇಳಿಕೊಳ್ಳುವ 'ಒಳ್ಳೇದಾಗಲಿ'.
ಡಾ ಡಾ ಡಿ ಡಿ ಡಿಟ್, ಡಿ ಡಿ ಡಿ ಡಾ ಡಾ.
ಹೋದ ದಾರಿಯಲ್ಲೇ ಹಿಂದಿರುಗುವ ಲೆಕ್ಕ,
ಸುರುಳಿ ಸುತ್ತುವವನ ಕೈಗೆ ಹೊಸತೇನಲ್ಲ.

ಮೊನ್ನೆ ಹಳೇ ಪುಸ್ತಕ ಸಿಕ್ಕಿತು.
'ಬಾಕಿ' ಹಾಗೇ ಬಿಟ್ಟೆ, ಹೆಸರು ಹೊಡೆದು
ನನ್ನದು ಬರೆದೆ.

ಕುಟ್ಟುತ್ತಿದ್ದೇನೆ. ಒಳಗಿನಿಂದ ಅವಳು:
'ಅಪ್ಪ, ಕೊನೇ ಡಾ ಗಿಡ್ಡ ಆಯ್ತು.'